ನನ್ನ ಗಂಡ ಕಟ್ಟಿದ ಕುಟುಂಬ

ನನ್ನ ಗಂಡ ಕರುಣಾಕರ ಸಾಲಿಯಾನ್ ಅವರಿಗೆ ಕುಡಿತವಿಲ್ಲ, ಬೀಡಿಯಿಲ್ಲ, ಇಸ್ಪೀಟಿಲ್ಲ. ಕಳೆದ ಒಂದು ವರ್ಷದಿಂದ ಆಪ್ ಇದೆ. ಇದಕ್ಕಿಂತ ಕುಡಿತವೇ ವಾಸಿಯಿತ್ತು ಎಂದು ನಾನು ಒಮ್ಮೆ ಬಾಯಿಬಿಟ್ಟು ಹೇಳಿಯೂ ಬಿಟ್ಟಿದ್ದೇನೆ. ಕುಡಿದವನು ಮಲಗಿ ಎದ್ದ ಮೇಲಾದರೂ ಮನುಷ್ಯನಾಗುತ್ತಾನೆ. ಇವರು ಬೆಳಿಗ್ಗೆ ಹಲ್ಲುಜ್ಜುತ್ತಲೇ ಕಂಪ್ಯೂಟರಿನೊಂದಿಗೆ ಜಗಳಕ್ಕೆ ನಿಲ್ಲುತ್ತಾರೆ.

ನಮ್ಮದು ಮಣಿಪಾಲದಲ್ಲಿ ಒಂದು ಝೆರಾಕ್ಸ್ ಅಂಗಡಿ. ಹಾಸ್ಟೆಲ್‌ಗಳಿಗೆ ಹೋಗುವ ರಸ್ತೆಯಲ್ಲಿ, ಒಂದು ಜ್ಯೂಸ್ ಅಂಗಡಿಗೂ ಒಂದು ಮೊಬೈಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದೆ. ಇವರು ಕಾಪುವಿನವರು, ಅಕ್ಕಂದಿರ ಬೆನ್ನಿಗೆ ಹುಟ್ಟಿದ ಒಬ್ಬನೇ ಗಂಡು. ಹತ್ತನೇ ತರಗತಿ ಮುಗಿಸಿ ಒಂದು ಪ್ರೆಸ್ಸಿನಲ್ಲಿ ಕಾಗದ ಜೋಡಿಸುವ ಕೆಲಸಕ್ಕೆ ಸೇರಿದವರು ಅಲ್ಲಿ ಒಂದೇ ಪಾಠ ಕಲಿತರು: ಹಾಳೆ ಸೊಟ್ಟಗಿರಬಾರದು. ಗೋಡೆಯ ಕ್ಯಾಲೆಂಡರ್ ಸ್ವಲ್ಪ ವಾಲಿದ್ದರೂ ಊಟದ ಮಧ್ಯೆ ಎದ್ದುಹೋಗಿ ಸರಿ ಮಾಡಿ ಬರುವ ಜಾತಿ. ನಾನು ಇವರನ್ನು ಮೊದಲು ನೋಡಿದ್ದು ಪಿಯುಸಿ ಅಂಕಪಟ್ಟಿಯ ಝೆರಾಕ್ಸ್ ಮಾಡಿಸಲು ಈ ಅಂಗಡಿಗೆ ಹೋದಾಗ. ಅಂಚು ಓರೆಯಾಯಿತು ಎಂದು ತೆಗೆದದ್ದನ್ನೇ ಮತ್ತೆ ಮತ್ತೆ ತೆಗೆದರು. ನನಗೆ ಆಗಲೇ ಎಚ್ಚರಿಕೆಯಾಗಬೇಕಿತ್ತು.

ನನ್ನ ಹೆಸರು ಮಹಾಲಕ್ಷ್ಮಿ. ನನ್ನ ಅಪ್ಪ ಯಂಕಪ್ಪ, ಗಾರೆ ಕೆಲಸದವರು. ನಾನು ಎದೆಹಾಲು ಕುಡಿಯುವ ಕೂಸಾಗಿದ್ದಾಗ ಅಪ್ಪ ಅವ್ವ ಬಾಗಲಕೋಟೆ ಕಡೆಯಿಂದ ಇಲ್ಲಿಗೆ ಬಂದರು. ಮಣಿಪಾಲದ ಎಷ್ಟೋ ಹಾಸ್ಟೆಲ್ಲುಗಳಿಗೆ ಅವ್ವ ಇಟ್ಟಿಗೆ ಹೊತ್ತಿದ್ದಾಳೆ. ನಾನು ಇಲ್ಲೇ ಶಾಲೆ ಕಲಿತೆ, ತುಳು ಕಲಿತೆ, ಇಲ್ಲಿಯವರ ಹಾಗೆ 'ಉಂಟು', 'ಎಂತ' ಎಂದು ಮಾತಾಡಲೂ ಕಲಿತೆ. ಸಿಟ್ಟು ಬಂದಾಗ ಮಾತ್ರ ನನ್ನ ಬಾಯಿಂದ ಮಣಿಪಾಲ ಇಳಿದು ಬಾಗಲಕೋಟೆ ಏರುತ್ತದೆ. ನಮ್ಮ ಮದುವೆಗೆ ಅವರ ಮನೆಯವರು ಒಪ್ಪಲಿಲ್ಲ, ನಮ್ಮವರೂ ಒಪ್ಪಲಿಲ್ಲ, ರಿಜಿಸ್ಟ್ರಾರ್ ಒಪ್ಪಿದರು. ಆಮೇಲೆ ಚೈತಾಲಿ ಹುಟ್ಟಿದಳು. ಆ ಮಗುವನ್ನು ನೋಡಿದ ಮೇಲೆ ಅಪ್ಪ ಅವ್ವ ಕರಗಿದರು, ಕಾಪುವಿನ ಕುಟುಂಬದ ಮನೆಯ ಬಾಗಿಲೂ ನಮಗೆ ತೆರೆಯಿತು. ಅಲ್ಲಿ ಎಲ್ಲರೂ ತಮ್ಮತಮ್ಮೊಳಗೆ ತುಳುವಿನಲ್ಲಿ ಮಾತಾಡುತ್ತಾರೆ, ನನಗೆ ತುಳು ಬರುತ್ತದೆಂದು ಗೊತ್ತಿದ್ದರೂ ನನ್ನ ಕಡೆ ತಿರುಗಿದರೆ ಕನ್ನಡ. ಅದು ಮರ್ಯಾದೆಯೂ ಹೌದು, ದೂರವೂ ಹೌದು.

ಈ ಆಪ್‌ನ ಮೂಲ ಒಂದು ನಿಂತುಹೋದ ಮದುವೆ.

ಇಲ್ಲಿಯ ತುಳುವರ ಮನೆಗಳಲ್ಲಿ ಬರಿ ಎಂದೊಂದು ಇರುತ್ತದೆ. ಬರಿ ಎಂದರೆ ಕುಲ ಎಂದಿಟ್ಟುಕೊಳ್ಳಿ. ಅದು ಮಕ್ಕಳಿಗೆ ತಾಯಿಯಿಂದ ಬರುತ್ತದೆ, ಅಪ್ಪನಿಂದಲ್ಲ. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ, ಅವರೊಳಗೆ ಮದುವೆಯಿಲ್ಲ. ಹಿಂದೆ ಹೆಸರಿನ ಜೊತೆಗೇ ಬರಿ ಇರುತ್ತಿತ್ತು, ಗೊಂದಲವಿರಲಿಲ್ಲ. ಈಗ ಶಾಲೆಗೆ ಸೇರಿಸುವಾಗ ಎಲ್ಲರೂ ಅಪ್ಪನ ಹೆಸರಿನ ಬಾಲವನ್ನೇ ಮಕ್ಕಳಿಗೆ ಅಂಟಿಸುತ್ತಾರೆ. ಹಾಗಾಗಿ ಹೆಸರಿನಲ್ಲಿ ಬಂಗೇರ ಇರುವವನು ಬರಿಯಲ್ಲಿ ಸಾಲಿಯಾನ್ ಆಗಿರಬಹುದು. ಆದದ್ದೂ ಅದೇ. ಕಾರ್ಕಳದಲ್ಲಿರುವ ಇವರ ಎರಡನೇ ಅಕ್ಕ ಕುಶಲಾ, ತನ್ನ ಮಗಳು ಪ್ರಣೀತಾಳಿಗೆ ಬಂಗೇರ ಎಂಬ ಹುಡುಗನನ್ನು ಗೊತ್ತುಮಾಡಿದ್ದರು. ಹಾಲ್ ಬುಕ್ ಆದ ಮೇಲೆ ಯಾರೋ ಅಜ್ಜಿ ಹುಡುಗನ ತಾಯಿಯ ಬರಿ ಕೇಳಿದರು. ಸಾಲಿಯಾನ್. ನಮ್ಮ ಹುಡುಗಿಯದೂ ಸಾಲಿಯಾನ್. ಮದುವೆ ಅಲ್ಲಿಗೇ ನಿಂತಿತು. ಪ್ರಣೀತಾ ಎಷ್ಟೋ ದಿನ ಊಟ ಬಿಟ್ಟಳು. ದೊಡ್ಡವರೆಲ್ಲ ಕಾಪುವಿನಲ್ಲಿ ಸೇರಿ, "ಇನ್ನು ಹೀಗಾಗಬಾರದು, ಯಾರು ಯಾರ ಮಕ್ಕಳು, ಯಾರ ಬರಿ ಯಾವುದು ಅಂತ ಒಂದು ಕಡೆ ಇರಬೇಕು" ಎಂದರು. ಸುಮ್ಮನೆ ಕುಳಿತಿದ್ದ ನನ್ನ ಗಂಡ ಆಗ ಬಾಯಿ ತೆರೆದರು. "ನಾನೊಂದು ಆಪ್ ಮಾಡ್ತೇನೆ."

ಈ ಧೈರ್ಯ ಬಂದದ್ದು ಬ್ರಯಾನ್‌ನಿಂದ. ಅವನು ಶಿರ್ವದ ಹುಡುಗ, ಇಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ, ಪ್ರಾಜೆಕ್ಟ್ ರಿಪೋರ್ಟಿನ ಬೈಂಡಿಂಗಿಗೆ ಬರುತ್ತಿದ್ದ. "ಅಂಕಲ್, ಈಗ ಕೋಡ್ ಗೀಡ್ ಎಲ್ಲ ಯಾರೂ ಕಲೀಬೇಕಂತ ಇಲ್ಲ. ಬಾಯಲ್ಲಿ ಹೇಳಿದ್ರೆ ಆಯ್ತು, ಎಐ ಮಾಡಿ ಕೊಡ್ತದೆ" ಎಂದು ಅಂಗಡಿಯ ಕಂಪ್ಯೂಟರಿಗೆ ಅದೆಂಥದನ್ನೋ ಹಾಕಿಕೊಟ್ಟು, ಪರೀಕ್ಷೆ ಮುಗಿಸಿ ಕೆಲಸಕ್ಕೆ ಹೊರಟುಹೋದ. ಕಿಡಿ ಹಚ್ಚಿದವನು ಹೋದ, ಹೊಗೆ ಕುಡಿದವಳು ನಾನು.

ಮೊದಲ ದಿನ ಇವರು ಅದರೊಂದಿಗೆ ಬೀಗರ ಮನೆಗೆ ಬಂದವರಂತೆ ಮಾತಾಡಿದರು. "ನಮಸ್ಕಾರ. ನಮ್ಮ ಕುಟುಂಬಕ್ಕೆ ಒಂದು ಆಪ್ ಬೇಕಿತ್ತು. ದಯವಿಟ್ಟು ಮಾಡಿಕೊಡಬಹುದಾ?" ಅದು "ಖಂಡಿತ! ಎಂಥ ಅದ್ಭುತ ಯೋಚನೆ!" ಎಂದಿತು. ನಾನು ತಂದಿಟ್ಟ ಚಹಾ ಆರುವ ಮೊದಲೇ ಆಪ್ ತಯಾರು. ನೇರಳೆ ಬಣ್ಣದ ಪುಟ, ಅದರ ಮೇಲೊಂದು ರಾಕೆಟ್, ಕೆಳಗೆ 'ಇಂದೇ ಸದಸ್ಯರಾಗಿ' ಎಂಬ ಗುಂಡಿ. ಒಳಗೆ ಆಗಲೇ ಒಂದು ಕುಟುಂಬ ವಾಸವಾಗಿತ್ತು. ಆನಂದ ರಾವ್ ಎಂಬ ಅಜ್ಜ, ಸುನೀತಾ ಎಂಬ ಅಜ್ಜಿ, ಅವರ ನಗುಮುಖದ ಮಕ್ಕಳು. ಮಾದರಿಗೆಂದು ಅದೇ ಹುಟ್ಟಿಸಿಕೊಂಡ ಜನ. ಇವರು ಸಂಭ್ರಮದಲ್ಲಿ ಅದನ್ನು ಹಾಗೆಯೇ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟರು. ಕಾಪುವಿನಿಂದ ಹಿರಿಯಕ್ಕ ಸ್ವರ್ಣಲತಾರ ಫೋನು ಬಂತು.

"ಕರುಣಾ, ಯಾರು ಮಾರಾಯ ಈ ಆನಂದ ರಾವ್? ನಮ್ಮ ಮನೆಯಲ್ಲಿ ಭಟ್ರು ಯಾವಾಗ ಹುಟ್ಟಿದ್ದು?"

ಆನಂದ ರಾಯರನ್ನು ಅಳಿಸಿದರು. ಮರುದಿನ ಫೋಟೋ ಹಾಕುವ ವ್ಯವಸ್ಥೆ ಮಾಡಿಸಿದಾಗ ರಾಯರು ಫೋಟೋ ಸಮೇತ ಮರಳಿ ಬಂದರು. ಮತ್ತೆ ಅಳಿಸಿದರು. ಫೋಟೋ ಸರಿಯಾದರೆ ಹುಡುಕಾಟ ಕೆಡುತ್ತಿತ್ತು, ಹುಡುಕಾಟ ಸರಿಯಾದರೆ ಹುಟ್ಟಿದ ದಿನಗಳೆಲ್ಲ ಒಂದೇ ದಿನಕ್ಕೆ ಬಂದು ನಿಲ್ಲುತ್ತಿದ್ದವು. ಪ್ರತಿ ಸಲವೂ ಅದರ ಉತ್ತರ ಒಂದೇ: "ನೀವು ಹೇಳಿದ್ದು ಸಂಪೂರ್ಣ ಸರಿ. ತಪ್ಪಿಗಾಗಿ ಕ್ಷಮಿಸಿ. ಈಗ ಸರಿಪಡಿಸಿದ್ದೇನೆ." ಮದುವೆಯಾದಂದಿನಿಂದ ನಾನು ಇವರಿಗೆ ಒಮ್ಮೆಯೂ ಹೇಳದ ಮಾತನ್ನು ಅದು ದಿನಕ್ಕೆ ಎಷ್ಟೋ ಸಲ ಹೇಳುತ್ತಿತ್ತು. ಅದಕ್ಕೇ ಇರಬೇಕು, ಇವರು ಅದನ್ನು ಬಿಡಲಿಲ್ಲ.

ಇಷ್ಟೆಲ್ಲ ಸಣ್ಣ ಕಾಟ. ದೊಡ್ಡ ಕಾಟ ತಾಯಿಯ ಕಡೆಯದು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ ಎಂಬ ಒಂದು ಮಾತು ಅದರ ತಲೆಗೆ ಹೋಗುತ್ತಲೇ ಇರಲಿಲ್ಲ. ಹೇಳಿದಾಗ "ಅರ್ಥವಾಯಿತು" ಎನ್ನುತ್ತಿತ್ತು. ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಈ ಪದ್ಧತಿಯ ಮೇಲೆ ಇವರಿಗೇ ಒಂದು ಪ್ರಬಂಧ ಬರೆದು ತೋರಿಸುತ್ತಿತ್ತು. ಆಮೇಲೆ ಕೆಲಸಕ್ಕೆ ಇಳಿದರೆ ಮಕ್ಕಳನ್ನೆಲ್ಲ ಎತ್ತಿ ಅಪ್ಪಂದಿರ ಕೆಳಗೆ ಕೂರಿಸುತ್ತಿತ್ತು. ಗಣಪತಿ ಮಾಡಲು ಹೇಳಿದರೆ ಅವರಪ್ಪನನ್ನೇ ಮಾಡುವುದು ಎನ್ನುತ್ತಾರಲ್ಲ, ಅಕ್ಷರಶಃ ಅದೇ. ಸ್ವರ್ಣಲತಕ್ಕನ ಮಗ ಶ್ರವಣ್ ಒಂದು ದಿನ ತಾಯಿಯ ಕೆಳಗೆ ಇರುತ್ತಿದ್ದ, ಮರುದಿನ ಕುಟುಂಬದಿಂದಲೇ ನಾಪತ್ತೆ. ಇವರು ಅದಕ್ಕೆ 'ನೀವು' ಎನ್ನುವುದನ್ನು ಬಿಟ್ಟು 'ನೀನು' ಎಂದರು. ಆಮೇಲೆ "ಏ ಮಾರಾಯ" ಎಂದರು. ಕೊನೆಗೆ ಕೈ ಮುಗಿದರು.

"ಏ ಮಾರಾಯ, ನಿನಗೆ ತಾಯಿ ಇಲ್ಲ, ಅದು ನನಗೆ ಗೊತ್ತುಂಟು. ಆದ್ರೆ ನಮಗೆ ಉಂಟು!"

ಇತ್ತ ಅಂಗಡಿಯ ಗತಿ ಕೇಳಬೇಡಿ. ದೆಹಲಿಯ ಕಡೆಯ ಒಬ್ಬಳು ಹುಡುಗಿಯ ಸಂಶೋಧನಾ ಪ್ರಬಂಧವನ್ನು ತಲೆಕೆಳಗಾಗಿ ಬೈಂಡ್ ಮಾಡಿ ಕೊಟ್ಟರು. ಹಾಳೆ ಓರೆಯಾದರೆ ನಿದ್ದೆ ಬಾರದ ಮನುಷ್ಯ! ಅವಳು ಕಣ್ಣೀರು ಹಾಕುತ್ತಾ ನಿಂತಿದ್ದರೆ, "ಒಂದು ನಿಮಿಷ, ಇದಕ್ಕೆ ಬುದ್ಧಿ ಹೇಳಿ ಬರ್ತೇನೆ" ಎಂದು ಕಂಪ್ಯೂಟರಿನ ಕಡೆ ತಿರುಗಿದರು. ನಾನೇ ಬಿಚ್ಚಿ, ಮತ್ತೆ ಜೋಡಿಸಿ, ಕ್ಷಮೆ ಕೇಳಿ ಕಳಿಸಿದೆ. ಭಾನುವಾರಗಳೂ ಹೋದವು. ಹೆಸರು ಸೇರಿಸಲೆಂದು ಒಂದು ವಾರ ಕಾರ್ಕಳ, ಒಂದು ವಾರ ಉಡುಪಿ, ಉಳಿದ ದಿನ ಮುಂಬಯಿಯ ನೆಂಟರೊಂದಿಗೆ ಫೋನು. ಊರಿಗೆ ಉಪಕಾರಿ, ಮನೆಗೆ ಮಾರಿ. 'ನಿಮ್ಮ ಇಂದಿನ ಬಳಕೆಯ ಮಿತಿ ಮುಗಿದಿದೆ' ಎಂದು ಆ ಎಐ ಪರದೆ ಎಳೆಯುವ ಹೊತ್ತಿಗಾಗಿ ನಾನು ಹರಕೆ ಹೊತ್ತವಳಂತೆ ಕಾಯುತ್ತಿದ್ದೆ. ಆಗ ಮಾತ್ರ ನನ್ನ ಗಂಡ ನನಗೆ ಸಿಗುತ್ತಿದ್ದರು.

ಅಂತೂ ಒಂದು ಮಧ್ಯಾಹ್ನ ಅದು ಸೋತಿತು, ಅಥವಾ ಕಲಿತಿತು. ಹುಟ್ಟಿದ ಮಗು ತಾಯಿಯ ಕೆಳಗೇ ನಿಂತಿತು, ಬರಿ ತಾಯಿಯಿಂದಲೇ ಇಳಿಯಿತು. ಇಬ್ಬರ ಹೆಸರು ಒತ್ತಿದರೆ ಮದುವೆಯಾಗಬಹುದೇ ಇಲ್ಲವೇ ಎಂದು ಹಸಿರು ಕೆಂಪಿನಲ್ಲಿ ಹೇಳಿತು. ಇವರು ಎಲ್ಲ ಬಗೆಯಲ್ಲಿ ಪರೀಕ್ಷಿಸಿದರು. ಒಂದೂ ತಪ್ಪಲಿಲ್ಲ. ಇವರ ಮುಖ ನೋಡಿ, ಸುಳ್ಳು ಯಾಕೆ ಹೇಳಲಿ, ನನಗೂ ಸಂತೋಷವಾಯಿತು.

ಅದೇ ಹೊತ್ತಿಗೆ ಚೈತಾಲಿ ಕಾಲೇಜಿನಿಂದ ಊಟಕ್ಕೆ ಅಂಗಡಿಗೆ ಬಂದಳು. ಈಗ ಮೊದಲನೇ ಪಿಯುಸಿ. ನೋಡಲು ನನ್ನ ಹಾಗೆ, ಹಟದಲ್ಲಿ ಇವರ ಹಾಗೆ. ಇವರು ಫೋನನ್ನು ಅವಳ ಕೈಗಿಟ್ಟರು. "ಹುಡುಕು ಮಗಳೇ, ಯಾರನ್ನು ಬೇಕಾದ್ರೂ ಹುಡುಕು."

ಯಾವ ಮಗುವಾದರೂ ಮೊದಲು ಯಾರ ಹೆಸರು ಹುಡುಕುತ್ತದೆ? ಅವಳು ತನ್ನದನ್ನೇ ಒತ್ತಿದಳು. 'ಈ ಹೆಸರಿನವರು ಯಾರೂ ಇಲ್ಲ' ಎಂದು ಬಂತು.

"ಎಂತಪ್ಪ ಇದು, ನಾನೇ ಇಲ್ಲ?" ಎಂದು ಅವಳು ನಕ್ಕಳು. ಇವರೂ ನಕ್ಕು, "ಅದರ ಹಳೇ ಚಾಳಿ, ಏನೋ ಮಾಡಿಟ್ಟಿದೆ" ಎಂದು ಯಂತ್ರಕ್ಕೆ ಬೈದು ಕೇಳಿದರು. ಅದು ಈ ಸಲ ಕ್ಷಮೆ ಕೇಳಲಿಲ್ಲ. ಪರದೆಯ ಮೇಲೆ ಸಾಲು ಸಾಲಾಗಿ ಮೂಡಿತು: "ಇದು ತಪ್ಪಲ್ಲ. ನಿಮ್ಮ ನಿಯಮದಂತೆ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ. ಚೈತಾಲಿಯವರ ತಾಯಿಗೆ ಬರಿ ಇಲ್ಲ. ಆದ್ದರಿಂದ ಇದು ಅನಾಥ ದಾಖಲೆ. ಅನಾಥ ದಾಖಲೆಗಳನ್ನು ಸ್ವಚ್ಛಗೊಳಿಸಲಾಗಿದೆ."

ಮೂವರೂ ಒಟ್ಟಿಗೇ ಓದಿದೆವು.

ಈ ಕುಟುಂಬದ ಬೇರೆ ಗಂಡಸರ ಮಕ್ಕಳೂ ಅದರಲ್ಲಿಲ್ಲ ನಿಜ. ಆದರೆ ಅವರಿಗೆಲ್ಲ ತಾಯಿಯ ಕಡೆ ಒಂದು ಬರಿ ಇದೆ, ಒಂದು ಕುಟುಂಬದ ಮನೆ ಇದೆ. ನನ್ನ ಮಗಳು ಅಂಕಪಟ್ಟಿಯಲ್ಲಿ ಚೈತಾಲಿ ಸಾಲಿಯಾನ್. ಹುಟ್ಟಿದಾಗಿನಿಂದ ಕಾಪುವಿನ ಮನೆಯ ಜಗಲಿಯಲ್ಲಿ ಓಡಾಡಿದವಳು, ಪ್ರಸಾದಕ್ಕೆ ಎಲ್ಲ ಮಕ್ಕಳೊಂದಿಗೆ ಸಾಲಿನಲ್ಲಿ ಕುಳಿತವಳು. ಅವಳು ಆ ಮನೆಗೆ ಸೇರಿದವಳಲ್ಲ ಎಂದು ಅಷ್ಟು ವರ್ಷಗಳಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿಸಲು ನನ್ನ ಗಂಡ ಒಂದು ವರ್ಷ ಕಷ್ಟಪಟ್ಟು ಯಂತ್ರ ಕಟ್ಟಬೇಕಾಯಿತು.

ಚೈತಾಲಿ "ಓ" ಎಂದಳು, ಅಷ್ಟೇ. ಫೋನು ಮೇಜಿನ ಮೇಲಿಟ್ಟು ಬುತ್ತಿ ಬಿಚ್ಚಿದಳು. ನಾನು ಆ ಯಂತ್ರದ ಮೇಲೆ ಹರಿಹಾಯ್ದೆ, ಅಂದರೆ ಗಂಡನ ಮೇಲೆ. "ಅನಾಥ ಅಂತ ಯಾರಿಗಂತೈತಿ ಅದು? ತಾಯಿ ಇಲ್ಲೇ ಗುಂಡಕಲ್ಲಿನಂಗ ನಿಂತೀನಿ, ಕಣ್ಣ ಕಾಣಸಂಗಿಲ್ಲೇನು ಅದಕ್ಕ?" ಝೆರಾಕ್ಸಿಗೆ ನಿಂತಿದ್ದ ಇಬ್ಬರು ಹುಡುಗರು ಮೆಲ್ಲನೆ ಹೊರಗೆ ಹೋದರು.

ಇವರು ಅಂದಿನಿಂದ ಬಗೆಬಗೆಯ ದಾರಿ ಹುಡುಕಿದರು. ನನಗೇ ಸಾಲಿಯಾನ್ ಎಂಬ ಬರಿ ಹಾಕಿದರೆ ಮಗಳು ತಾನಾಗಿ ಒಳಗೆ ಬರುತ್ತಾಳಲ್ಲ ಎಂದು ಹಾಗೆಯೇ ಮಾಡಿದರು. ಪರದೆ ಪೂರ್ತಿ ಕೆಂಪಾಯಿತು. 'ಎಚ್ಚರಿಕೆ: ಗಂಡ ಹೆಂಡತಿ ಒಂದೇ ಬರಿಯವರು. ಈ ವಿವಾಹ ನಿಷಿದ್ಧ. ವಿವಾಹವನ್ನು ತೆಗೆದುಹಾಕಲೇ?' ಎಂದು ಕೇಳಿ, ಕೆಳಗೆ ಎರಡು ಗುಂಡಿ ಇಟ್ಟಿತು. ಹೌದು. ನಂತರ ನೆನಪಿಸು.

"ಹೌದು ಅಂತ ಒತ್ರಿ," ಎಂದೆ.

"ಸುಮ್ಮನಿರು ಮಾರಾಯ್ತಿ."

ಎಐಯನ್ನೇ ಉಪಾಯ ಕೇಳಿದರೆ, 'ಮಗಳನ್ನು ದತ್ತುಪುತ್ರಿ ಎಂದು ಗುರುತಿಸಬಹುದು' ಎಂದಿತು. ಹೆತ್ತ ಮಗಳನ್ನು! ಅವಳೊಬ್ಬಳಿಗೆ ಮಾತ್ರ ವಿನಾಯಿತಿ ಕೊಡು ಎಂದರೆ, ಕೊಟ್ಟಿತು. ಜೊತೆಗೆ ಕುಟುಂಬದ ಎಲ್ಲ ಗಂಡಸರ ಮಕ್ಕಳನ್ನೂ ಒಳಗೆ ತುಂಬಿಕೊಂಡು, ಯಾರ ಬರಿ ಯಾವುದೆಂದೇ ಮರೆತು, ಪ್ರಣೀತಾಳಿಗೂ ಆ ಬಂಗೇರ ಹುಡುಗನಿಗೂ ಹಸಿರು ದೀಪ ತೋರಿಸಿತು. ಇವರು ಬೆಚ್ಚಿಬಿದ್ದು ಮತ್ತೆ ಹಿಂದಿನಂತೆ ಮಾಡಿದರು.

ನಾನು ಕೇಳಿದೆ. "ಮಗಳಿಗಿಂತ ನಿಮಗ ನಿಯಮ ದೊಡ್ಡದಾತೇನು?"

"ನಿಯಮ ನಾನು ಮಾಡಿದ್ದಾ ಲಕ್ಷ್ಮೀ? ನನ್ನ ಮಗಳಿಗೆ ಅಂತ ನಾನು ಒಂದು ಕಡೆ ಸುಳ್ಳು ಹಾಕಿದ್ರೆ ನಾಳೆ ಇದನ್ನು ಯಾರು ನಂಬುವುದು? ಇನ್ನೊಂದು ಹುಡುಗಿಯ ಮದುವೆ ನಿಲ್ಲುವುದು ಬೇಡ ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು?"

ಅವರ ಮಾತು ಸರಿಯಾಗಿತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ತಪ್ಪು ಹೇಳಿದ್ದರೆ ಜಗಳವಾಡಬಹುದಿತ್ತು. ನನ್ನನ್ನು ಯಾರೂ ಎಲ್ಲಿಯೂ ಸೇರಿಸದಿದ್ದರೆ ನನಗೆ ಬೇಸರವಿಲ್ಲ, ಗಾರೆಯವರ ಮಗಳಿಗೆ ಅದು ರೂಢಿ. ಆದರೆ ಚೈತಾಲಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗದಂತೆ ನಾನು ಬೆಳೆಸಿದ್ದೆ.

ಕಾಪುವಿನ ಮನೆಯಲ್ಲಿ ತಂಬಿಲದ ದಿನ ಬಂತು. ತಂಬಿಲ ಎಂದರೆ ಕುಟುಂಬದ ದೈವಗಳಿಗೆ ವರ್ಷಕ್ಕೊಮ್ಮೆ ಸಲ್ಲಿಸುವ ಸೇವೆ. ಎಲ್ಲೆಲ್ಲೋ ಇರುವವರೆಲ್ಲ ಅಂದು ಬರುತ್ತಾರೆ. ಈ ಸಲ ಸೇವೆ ಮುಗಿದ ಮೇಲೆ ಆಪ್ ತೋರಿಸುವುದೆಂದು ನಿಶ್ಚಯವಾಗಿತ್ತು. ಚೈತಾಲಿ ಹಿಂದಿನ ದಿನವೇ, "ನನಗೆ ನಾಳೆ ಟ್ಯೂಷನ್ ಉಂಟು, ನೀವು ಹೋಗಿ ಬನ್ನಿ" ಎಂದಳು. ಮುಖ ನೋಡಲಿಲ್ಲ. ನಾನೂ ಉಳಿದುಬಿಡೋಣ ಎಂದುಕೊಂಡೆ. ಉಳಿದರೆ ನಾವೇ ಒಪ್ಪಿಕೊಂಡಂತಾಗುತ್ತದೆ ಎಂದು ಹಟಕ್ಕೆ ಸೀರೆ ಉಟ್ಟು ಹೊರಟೆ.

ಕಾಪುವಿನ ಮನೆಯ ಚಾವಡಿಯಲ್ಲಿ ಶ್ರವಣ್ ಟಿವಿಗೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿದ. ಎದುರಿಗೆ ಕುರ್ಚಿಯಲ್ಲಿ ಇವರ ಸೋದರಮಾವ, ಮನೆಯ ಯಜಮಾನರು. ಎಲ್ಲರೂ ಅವರನ್ನು ದೊಡ್ಡ ಮಾವ ಎನ್ನುತ್ತಾರೆ. ಪಕ್ಕದಲ್ಲಿ ಸ್ವರ್ಣಲತಕ್ಕ. ಚಾಪೆಗಳ ಮೇಲೆ ಉಳಿದವರು. ಆಪ್ ತೆರೆದಾಗ ದೊಡ್ಡ ಗದ್ದಲವಾಯಿತು. "ನನ್ನ ಅಜ್ಜಿ ನೋಡು!", "ಅಯ್ಯೋ, ನೀನು ನನಗೆ ಚಿಕ್ಕಮ್ಮ ಆಗುವುದಾ?" ಪ್ರಣೀತಾ ಇವರ ಹತ್ತಿರ ಬಂದು ಮೆಲ್ಲಗೆ, "ಥ್ಯಾಂಕ್ಸ್ ಮಾಮ" ಎಂದಳು. ನಾನು ಕಂಬಕ್ಕೆ ಒರಗಿ ಹೊರಗೆ ನೋಡುತ್ತಾ ನಿಂತಿದ್ದೆ.

"ಚೈತಾಲಿ ಎಲ್ಲಿ?" ಎಂದು ಸ್ವರ್ಣಲತಕ್ಕ ಕೇಳಿದರು.

"ಟ್ಯೂಷನ್ ಅಂತೆ," ಎಂದೆ.

"ತಂಬಿಲದ ದಿನ ಎಂತ ಟ್ಯೂಷನ್!"

ದೊಡ್ಡ ಮಾವ ಕನ್ನಡಕ ಸರಿಮಾಡಿಕೊಂಡರು. "ಭಾರೀ ಲಾಯ್ಕ್ ಮಾಡಿದ್ದಿ ಕರುಣಾ. ಎಲ್ಲರೂ ಉಂಟಲ್ಲ ಇದರಲ್ಲಿ?"

"ಎಲ್ಲರೂ ಉಂಟು ಮಾವ," ಎಂದರು ಇವರು. ಕೈ ಲ್ಯಾಪ್‌ಟಾಪಿನ ಮೇಲೇ ಇತ್ತು.

ಟಿವಿ ಒಮ್ಮೆ ಕಣ್ಣು ಮುಚ್ಚಿ ತೆರೆದಂತಾಯಿತು. ಹೆಸರುಗಳೆಲ್ಲ ಚೆದುರಿ ಬೇರೆ ರೀತಿ ನಿಂತವು. ಕರುಣಾಕರ ಎಂಬ ಹೆಸರಿನ ಕೆಳಗೆ ಚೈತಾಲಿ ಬಂದು ಕುಳಿತಳು. ಸ್ವರ್ಣಲತಾ ಎಂಬ ಹೆಸರಿನ ಕೆಳಗೆ ಏನೂ ಇಲ್ಲ. ಕುಶಲಾರ ಕೆಳಗೂ ಏನೂ ಇಲ್ಲ. ಆ ಮನೆಯ ಹೆಣ್ಣುಮಕ್ಕಳ ಮಕ್ಕಳೆಲ್ಲ ಅಪ್ಪಂದಿರ ಮನೆಗಳಿಗೆ ಹೋಗಿ ಕುಟುಂಬ ಬೋಳಾಗಿತ್ತು. ಯಂತ್ರ ಸಭೆಯಲ್ಲೇ ಮಾನ ಕಳೆಯಿತಲ್ಲ ಎಂದು ನಾನು ಹಣೆ ಬಡಿದುಕೊಂಡೆ.

"ಹೇ, ಎಂತ ಇದು? ನನ್ನ ಶ್ರವಣ್ ಎಲ್ಲಿ ಹೋದ?" ಸ್ವರ್ಣಲತಕ್ಕ ಕುರ್ಚಿಯಿಂದ ಎದ್ದೇಬಿಟ್ಟರು.

"ಅವನು ಇದರಲ್ಲಿ ಬರುವುದಿಲ್ಲ ಅಕ್ಕ. ಅವನ ಅಪ್ಪನ ಕಡೆ ಹೋದ," ಎಂದರು ಇವರು. ಸ್ವರದಲ್ಲಿ ಗಾಬರಿಯಿರಲಿಲ್ಲ. ಆಗ ನನಗೆ ತಿಳಿಯಿತು, ಇದು ಯಂತ್ರದ ತಪ್ಪಲ್ಲ. ತಾಯಿಯ ಕಡೆಗೆ ತಿರುಗಿಸುವ ಮೊದಲಿನ ಆಪ್ ಒಂದನ್ನು ಇವರೇ ಎತ್ತಿಟ್ಟುಕೊಂಡಿದ್ದರು. ಅದನ್ನು ಇವರೇ ತೆರೆದಿದ್ದರು.

"ಹೋಗುವುದು ಅಂದ್ರೆ ಎಂತ? ತಲೆ ಸರಿ ಉಂಟಾ ನಿನಗೆ? ಇಲ್ಲಿಯೇ ಹುಟ್ಟಿ ಇಲ್ಲಿಯೇ ಬೆಳೆದವನು. ನೋಡು, ನಿನ್ನ ಕಣ್ಣೆದುರೇ ಕೂತಿದ್ದಾನಲ್ಲ ನನ್ನ ಮಗ!"

"ಹೌದಕ್ಕ, ನಿಮ್ಮ ಮಗ ಕೂತಿದ್ದಾನೆ," ಎಂದರು ಇವರು. "ನನ್ನ ಮಗಳು ಬಂದೇ ಇಲ್ಲ."

ಇವರು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದರು. ಹುಡುಕಿದ್ದು, ಸಿಗದಿದ್ದದ್ದು, ಅನಾಥ ದಾಖಲೆ ಎಂದದ್ದು, ಟ್ಯೂಷನ್ ಇಲ್ಲದ್ದು. "ನೀವು ಈಗ ಕೇಳಿದ ಹಾಗೆ ಅವಳು ಕೇಳಲಿಲ್ಲ ಅಕ್ಕ. ಓ ಅಂತ ಹೇಳಿ ಊಟಕ್ಕೆ ಕೂತಳು." ಒಂದು ವರ್ಷ ಈ ಮನುಷ್ಯನ ಮೇಲೆ ನಾನು ಉರಿದುಬಿದ್ದಿದ್ದೆ. ಆ ಹೊತ್ತಿಗೆ ಹತ್ತಿರ ಹೋಗಿ ಕೈ ಹಿಡಿದುಕೊಳ್ಳಬೇಕೆನಿಸಿತು. ಅಷ್ಟು ಜನರೆದುರು ಹೇಗೆ ಹೋಗುವುದು, ಕಂಬವನ್ನೇ ಹಿಡಿದುಕೊಂಡೆ.

ದೊಡ್ಡ ಮಾವ ಗಂಟಲು ಸರಿಮಾಡಿದರು. "ಬೇಜಾರಿನ ಸಂಗತಿಯೇ. ಆದ್ರೆ ಕ್ರಮ ಅಂತ ಒಂದು ಉಂಟಲ್ಲ ಮಾರಾಯ. ಬರಿ ತಾಯಿಯ ಕಡೆಯಿಂದ. ಅದನ್ನು ಬಿಡಲಿಕ್ಕೆ ಬರುವುದಿಲ್ಲ."

"ಯಾರು ಬಿಡ್ತಾರೆ ಮಾವ?" ಎಂದರು ಸ್ವರ್ಣಲತಕ್ಕ. "ತಾಯಿಯ ಕಡೆಯಿಂದ ಅಲ್ವಾ ನಮ್ಮ ಕ್ರಮ? ಹಾಗಾದ್ರೆ ತಾಯಿಯನ್ನೇ ಕೇಳುವ, ಅವಳ ಕಡೆಯ ಸಾಲನ್ನೂ ಇದರಲ್ಲಿ ಬರೆಯುವ." ಆಮೇಲೆ ನನ್ನ ಕಡೆ ತಿರುಗಿದರು. ಈ ಸಲ ತುಳುವಿನಲ್ಲೇ ಕೇಳಿದರು, ಮನೆಯವರನ್ನು ಕೇಳುವ ಹಾಗೆ. "ಮಹಾಲಕ್ಷ್ಮೀ, ನಿನ್ನ ಅಪ್ಪೆಯ ಹೆಸರೇನು?"

ಅಪ್ಪೆ ಎಂದರೆ ತಾಯಿ. ನಾನು ಯಂಕಪ್ಪನ ಮಗಳೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ತಾಯಿಯಿಂದಲೇ ಎಲ್ಲವನ್ನೂ ಎಣಿಸುವ ಆ ಮನೆಯಲ್ಲಿ ನನ್ನ ತಾಯಿಯ ಹೆಸರನ್ನು ಯಾರೂ ಇದುವರೆಗೆ ಕೇಳಿರಲಿಲ್ಲ. ಇವರು ಹೇಳಲು ಬಾಯಿ ತೆರೆದರು. "ನೀನು ಸುಮ್ಮನಿರು, ಅವಳು ಹೇಳ್ತಾಳೆ," ಎಂದರು ಅಕ್ಕ.

"ಭಾಗವ್ವ," ಎಂದೆ. ಮೆಲ್ಲಗೆ ಹೇಳಿದ್ದಕ್ಕೆ ಇನ್ನೊಮ್ಮೆ ಹೇಳಬೇಕಾಯಿತು.

"ಅವರ ಅಪ್ಪೆ?"

"ಸಂಗವ್ವ."

"ಅವರ ಅಪ್ಪೆ?"

ನನಗೆ ಗೊತ್ತಿರಲಿಲ್ಲ. "ಫೋನು ಮಾಡು," ಎಂದರು ಅಕ್ಕ. ಮಣಿಪಾಲದಲ್ಲೇ ಇರುವ ಅವ್ವನ ನಂಬರಿಗೆ ಕರೆ ಮಾಡಿದೆ. ಎತ್ತಿದ್ದು ಚೈತಾಲಿ.

"ಟ್ಯೂಷನ್ ಅಜ್ಜಿ ಮನ್ಯಾಗ ನಡದೈತೇನು?" ಎಂದೆ. ಸ್ವರ್ಣಲತಕ್ಕ ನನ್ನ ಕೈಯಿಂದ ಫೋನು ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು.

"ಚೈತಾಲಿ, ಮಾಮಿ ಮಾತಾಡುವುದು. ಶ್ರವಣ್ ಕಾರು ತಗೊಂಡು ಹೊರಟ. ನೀನೂ ಅಜ್ಜಿಯೂ ರೆಡಿಯಾಗಿ ನಿಲ್ಲಿ. ನೀವು ಬಾರದೆ ಇಲ್ಲಿ ಎಲೆ ಹಾಕುವುದಿಲ್ಲ. ಈಗ ಅಜ್ಜಿಗೆ ಫೋನು ಕೊಡು."

"ಹೂಂ ಮಾಮಿ," ಎಂದಳು ನನ್ನ ಮಗಳು. ಅಳುತ್ತಿದ್ದಳೆಂದು ನನಗೆ ಗೊತ್ತಾಯಿತು.

ಇವರು ಲ್ಯಾಪ್‌ಟಾಪ್ ಮುಚ್ಚಿ ಒಂದು ಹಾಳೆ, ಪೆನ್ನು ಹಿಡಿದು ನೆಲದ ಮೇಲೆ ಕುಳಿತಿದ್ದರು. ಇದನ್ನೆಲ್ಲ ಆ ಯಂತ್ರಕ್ಕೆ ಅರ್ಥಮಾಡಿಸಲು ಮತ್ತೊಂದು ವರ್ಷ ಬೇಕು. ಮತ್ತೊಂದು ವರ್ಷ ನನ್ನ ಅಂಗಡಿಯ ಕತೆ ಮುಗಿಯಿತು ಎಂದು ಆಗಲೇ ತಿಳಿದಿತ್ತು. ಯಾಕೋ ಸಿಟ್ಟು ಮಾತ್ರ ಬರಲಿಲ್ಲ. ಅವ್ವ ಫೋನಿಗೆ ಬಂದಳು. ಸಂಗವ್ವನ ತಾಯಿ ಯಾರೆಂದು ಕೇಳಿದೆ.

"ಆಕಿ ನೀಲವ್ವ. ನೀಲವ್ವನ ಅವ್ವ ದ್ಯಾಮವ್ವ, ಸೂಲಗಿತ್ತಿ ದ್ಯಾಮವ್ವ ಅಂದ್ರ ಸುತ್ತ ಹಳ್ಳಿಗೆಲ್ಲ ಗೊತ್ತು. ಈಗ್ಯಾಕ ಬೇಕಾತವ್ವ ಅವರ ಹೆಸರು?"

"ಇಲ್ಲಿ ಬರಕೊಳ್ಳಾಕತ್ತಾರವ್ವ."

"ಯಾರು?"

"ನಿನ್ನ ಅಳಿಯ."

"ಹಂಗಾರ ಅಳಿಯಾರಿಗೆ ಸಾವಕಾಶ ಬರಕೋರಿ ಅನ್ನು. ಇನ್ನೂ ಮಂದಿ ಅದಾರ."